ಒಲೆ ಮುಂದಿಡುವ ಊರು

ನಮ್ಮ ಊರಿನಲ್ಲಿ ಯಾರದಾದರೂ ಮನೆಯಲ್ಲಿ ಒಲೆ ಮುಂದಿಡುತ್ತಾರೆಂದರೆ ಮೊದಲು ನನ್ನನ್ನೇ ಕರೆಯುತ್ತಿದ್ದರು. ಮುರಿಗೆವ್ವನ ಕೈಯ ಹೋಳಿಗೆ ಇಲ್ಲದೆ ಒಲೆ ಮುಂದಿಟ್ಟ ಮನೆಯೇ ಇಲ್ಲ ಎಂದು ನಾನೂ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಒಲೆ ಮುಂದಿಡುವುದೆಂದರೆ ಹಿಂದಿನ ಅಡುಗೆಮನೆಯನ್ನು ಬಿಟ್ಟು ಅದರ ಮುಂದಿನ ಕೋಣೆಯಲ್ಲಿ ಒಲೆ ಹೂಡುವುದು. ಹಳೇ ಒಲೆಯ ಬೂದಿ ಒಂದು ಹಿಡಿ ತಂದು ಹೊಸ ಒಲೆಗೆ ಹಾಕಿ, ಅರಿಶಿನ ಕುಂಕುಮ ಏರಿಸಿ, ಹಾಲು ಉಕ್ಕಿಸಿ, ಮುತ್ತೈದೆಯರಿಗೆ ಉಡಿ ತುಂಬಿ ಓಣಿಗೆಲ್ಲ ಊಟ ಹಾಕುತ್ತಾರೆ. ಗ್ಯಾಸ್ ಬಂದ ಮೇಲೂ ಇದು ನಿಂತಿಲ್ಲ, ಸಿಲಿಂಡರಿಗೇ ಕುಂಕುಮ ಹಚ್ಚಿ ಮುಂದಕ್ಕೆ ಉರುಳಿಸುತ್ತಾರೆ. ಯಾಕೆ ಮುಂದಿಡುತ್ತೀರಿ ಎಂದು ಕೇಳುವ ಪದ್ಧತಿ ಇಲ್ಲ. ಯಾರಾದರೂ ಹೊರಗಿನವರು ಕೇಳಿದರೆ ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಬೆಳಕು ಬರುತ್ತದೆ, ಹಿಂದೆ ಸೊಸೆಗೆ ಒಬ್ಬಳೇ ಬೇಸರ ಎನ್ನುತ್ತಾರೆ. ಬಿಟ್ಟ ಕೋಣೆಯ ಬಾಗಿಲು ಹಾಕಿ ಅದಕ್ಕೆ ಅಡ್ಡವಾಗಿ ಕಪಾಟು ಇಟ್ಟುಬಿಡುತ್ತಾರೆ.

ಗುಡ್ಡ ಬರುತ್ತಿತ್ತು, ಅದಕ್ಕೇ ಇದೆಲ್ಲ. ನಮ್ಮ ಗುಡ್ಡ ಕುಸಿಯುವುದಿಲ್ಲ, ಸದ್ದು ಮಾಡುವುದಿಲ್ಲ, ಧೂಳೆಬ್ಬಿಸುವುದಿಲ್ಲ. ಹಿತ್ತಲಿಗೆ ಬರುತ್ತದೆ, ಬಚ್ಚಲಿಗೆ ಬರುತ್ತದೆ, ಆಮೇಲೆ ಒಂದು ದಿನ ಅಡುಗೆಮನೆಯ ಹಿಂಗೋಡೆ ಇದ್ದ ಜಾಗದಲ್ಲಿ ಕರೀ ಬಂಡೆ ಇರುತ್ತದೆ. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಗುಡ್ಡಕ್ಕೆ ಹೋಗಬೇಕೆಂದರೆ ಬುತ್ತಿ ಕಟ್ಟಿಕೊಳ್ಳಬೇಕಿತ್ತು. ಈಗ ಹಿಂದಿನ ಓಣಿಯ ಹೆಂಗಸರು ಹಪ್ಪಳ ಒಣಗಿಸುವುದು ಅದರ ಮೇಲೆಯೇ. ಬಟ್ಟೆ ಒಣಹಾಕುವ ಹಗ್ಗ ಜೋತುಬಿದ್ದರೆ ಹಗ್ಗ ಹಿಗ್ಗಿದೆ ಎಂದು ಕತ್ತರಿಸಿ ಕಟ್ಟುತ್ತಾರೆ. ಕೊಟ್ಟಿಗೆಯಲ್ಲಿ ಜಾಗ ಸಾಲದಿದ್ದರೆ ದನ ಮೈ ಬಂದಿವೆ ಎನ್ನುತ್ತಾರೆ. ಹೊತ್ತು ಬೇಗ ಮುಳುಗಿದರೆ ಈ ವರ್ಷ ಚಳಿಗಾಲ ಬೇಗ ಬಂತು ಎನ್ನುತ್ತಾರೆ. ಬೇಸಿಗೆಯಲ್ಲೂ ಹಾಗೆ ಅಂದವರನ್ನು ನಾನು ಕಂಡಿದ್ದೇನೆ.

ಪುರಸಭೆಯ ಮಾತು ಇನ್ನೂ ಸೊಗಸು. ಗುಡ್ಡ ಎಲ್ಲಿತ್ತೋ ಅಲ್ಲೇ ಇದೆ, ಊರು ಬೆಳೆದು ಬೆಳೆದು ಗುಡ್ಡವನ್ನು ಮುಟ್ಟಿದೆ. ಬಸ್ ನಿಲ್ದಾಣದ ಹತ್ತಿರ ಬಣ್ಣದ ಬೋರ್ಡು ಹಾಕಿ ಹಾಗೆಂದೇ ಬರೆಸಿದ್ದಾರೆ. ವರ್ಷಕ್ಕೊಮ್ಮೆ ಊರು ಬೆಳೆದದ್ದಕ್ಕೆ ಸಮುದಾಯ ಭವನದಲ್ಲಿ ಊಟ ಬೇರೆ. ಊರು ಒಂದು ಕಡೆಯಿಂದ ಕಡಿಮೆಯಾಗುತ್ತ ಬರುತ್ತಿದ್ದರೆ ನಾವು ಬೆಳೆದೆವೆಂದು ಹೋಳಿಗೆ ತಿನ್ನುತ್ತಿದ್ದೆವು. ನಾನೇ ಮಾಡಿ ಬಡಿಸಿದ ಹೋಳಿಗೆ, ಯಾರನ್ನು ಬೈಯಲಿ?

ಆ ಮಾತನ್ನು ಮೊದಲು ಆಡಿದವರು ನನ್ನ ಬೀಗರು, ಚನವೀರಪ್ಪನವರು. ಪುರಸಭೆಯ ಹಿರಿಯ ಸದಸ್ಯರು, ನನ್ನ ಮಗಳು ಕಸ್ತೂರಿಯ ಮಾವ. ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು, ನಾಲ್ಕು ಮಾತು ಅಂದು ಕೈ ತೊಳೆದುಕೊಳ್ಳುತ್ತಿದ್ದೆ. ಹಿಂದಿನ ಓಣಿಯ ಜನ ಒಂದು ವರ್ಷ ಹೆದರಿ ಗಂಟುಮೂಟೆ ಕಟ್ಟತೊಡಗಿದಾಗ ಅವರ ಮನೆ ಮನೆಗೆ ಹೋಗಿ, ಹೆದರಬೇಡಿ, ಬರುತ್ತಿರುವುದು ಗುಡ್ಡವಲ್ಲ, ಹೋಗುತ್ತಿರುವುದು ನಾವು ಎಂದು ಹೇಳಿ ನಿಲ್ಲಿಸಿದವರು ಅವರು. ಬರೀ ಹೇಳಲಿಲ್ಲ. ಪೇಟೆಯ ಮನೆ ಬಿಟ್ಟು ಆ ಓಣಿಯ ಕಟ್ಟಕಡೆಗೆ ಮನೆ ಕಟ್ಟಿಸಿ ಅಲ್ಲೇ ಹೋಗಿ ಕೂತರು. ಅವರೇ ಇರುವಾಗ ನಮಗೇನು ಭಯ ಎಂದು ಜನ ಗಂಟು ಬಿಚ್ಚಿದರು. ಆ ಕಟ್ಟಕಡೆಯ ಮನೆಗೆ ನನ್ನ ಮಗಳನ್ನು ಕೊಟ್ಟದ್ದು.

ಈ ಮಳೆಗಾಲ ಮುಗಿಯುತ್ತಿದ್ದಂತೆ ಆ ಮನೆಯಲ್ಲಿ ಮತ್ತೆ ಒಲೆ ಮುಂದಿಟ್ಟರು. ಈ ಸಲ ಒಲೆ ಬಂದದ್ದು ಪಡಸಾಲೆಗೆ. ಅದರ ಮುಂದೆ ಇರುವುದು ಕಟ್ಟೆ, ಕಟ್ಟೆಯ ಮುಂದೆ ರಸ್ತೆ. ಎಲ್ಲಾ ಸಾಮಾನೂ ಪಡಸಾಲೆಯಲ್ಲೇ ಒಟ್ಟಿದ್ದರು, ಮಧ್ಯದಲ್ಲಿ ಮೊಮ್ಮಗಳ ತೊಟ್ಟಿಲು. ಕಸ್ತೂರಿ ತೊಟ್ಟಿಲನ್ನು ಅರ್ಧಕ್ಕೆ ತೂಗಿ ಅರ್ಧಕ್ಕೆ ಕೈಯಿಂದ ಹಿಡಿಯುತ್ತಿದ್ದಳು, ಬಿಟ್ಟರೆ ಹಿಂದಿನ ಕಪಾಟಿಗೆ ಬಡಿಯುತ್ತಿತ್ತು. ಹೂರಣ ಕಟ್ಟುತ್ತ ಕೂತಿದ್ದ ನಾನು ಎದ್ದು ಕಪಾಟಿನ ಹಿಂದೆ ಕೈ ಹಾಕಿ ನೋಡಿದೆ. ಬಾಗಿಲಿನ ಹಲಗೆ ಉಬ್ಬಿ ಈಚೆ ಬಂದಿತ್ತು. ಸಂದಿಯಲ್ಲಿ ಬೆರಳು ತೂರಿಸಿದರೆ ತಣ್ಣಗೆ ಕಲ್ಲು ತಾಗಿತು. ಕೈ ತೆಗೆದುಕೊಂಡು ಬಂದು ಮತ್ತೆ ಹೋಳಿಗೆ ಲಟ್ಟಿಸಲು ಕೂತೆ. ಆಗಲಿಲ್ಲ. ಒಂದೂ ದುಂಡಗೆ ಬರಲೊಲ್ಲದು.

ಊಟಕ್ಕೆ ಪಂಕ್ತಿ ಕೂತಿತ್ತು. ಬಡಿಸುತ್ತ ಬಡಿಸುತ್ತ ಬೀಗರ ಮುಂದೆ ಬಂದಾಗ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಮೊದಲೇ ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ.

"ಬೀಗರ, ಗುಡ್ಡ ಬರಾಕತ್ತೈತಿ. ಇನ್ನ ಒಲಿ ಎಲ್ಲಿಡ್ತೀರಿ, ರಸ್ತೆದಾಗ ಇಡ್ತೀರೇನು?" ಅಂದೆ.

ಪಂಕ್ತಿಯಲ್ಲಿದ್ದ ಕೈಗಳೆಲ್ಲ ಎಲೆಯ ಮೇಲೆ ನಿಂತವು. ಕಸ್ತೂರಿ ನನ್ನನ್ನೊಮ್ಮೆ ನೋಡಿ ತೊಟ್ಟಿಲ ಕಡೆ ತಿರುಗಿದಳು. ಚನವೀರಪ್ಪನವರು ಮುಖ ಕೆಡಿಸಿಕೊಳ್ಳಲಿಲ್ಲ. ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಹೂರಣ ಬಹಳ ಹದವಾಗಿದೆ ಬೀಗತಿ ಎಂದು ಹೊಗಳಿದರು. ಪಂಕ್ತಿಯೂ ಹೂರಣವನ್ನೇ ಹೊಗಳಿತು. ನಾನು ಆಡಿದ ಮಾತು ಅಲ್ಲಿ ಬಿದ್ದೇ ಇಲ್ಲವೆಂಬಂತೆ ಊಟ ಮುಗಿಯಿತು.

ಆದರೆ ಬಿದ್ದಿತ್ತು. ಮಾರನೆಯ ವಾರದಿಂದ ನನ್ನನ್ನು ಯಾರೂ ಅಡುಗೆಗೆ ಕರೆಯಲಿಲ್ಲ. ನಾನು ಮನೆಯಲ್ಲೇ ನಡೆಸುವ ಖಾನಾವಳಿಗೆ ಬರುತ್ತಿದ್ದ ಪುರಸಭೆಯ ನೌಕರರು ಬೇರೆ ಕಡೆ ರೊಟ್ಟಿ ಹುಡುಕಿಕೊಂಡರು. ಎದುರು ಮನೆಯ ಹೆಂಗಸು ನನ್ನ ಕಂಡರೆ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದಳು. ನನಗೆ ವಯಸ್ಸಾಗಿ ಕಣ್ಣು ಮಂಜಾಗಿದೆ, ಪಾಪ, ದೂರದ್ದು ಹತ್ತಿರ ಕಾಣುತ್ತದೆ ಎಂದು ಸುದ್ದಿ ಹಬ್ಬಿತು. ಸುದ್ದಿ ಹಬ್ಬಿಸಿ ಸುಮ್ಮನಿದ್ದರೂ ಆಗುತ್ತಿತ್ತು. ಪುರಸಭೆಯವರು ನನಗೋಸ್ಕರವೇ ಎಂಬಂತೆ ಉಚಿತ ನೇತ್ರ ತಪಾಸಣೆಯ ಶಿಬಿರ ಏರ್ಪಡಿಸಿದರು. ನಾನು ಬಿಡುತ್ತೇನೆಯೇ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಹೊರ ಊರಿನ ಎಳೇ ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದ. ಕೆಳಗಿನ ಸಣ್ಣ ಸಾಲನ್ನೂ ಓದಿದೆ. ಕಿಟಕಿಯಾಚೆ ಬೆರಳು ಮಾಡಿ ಅದೇನು ಎಂದ, ಗುಡ್ಡ ಎಂದೆ. ಹತ್ತಿರವೋ ದೂರವೋ ಎಂದ. ನಿಮಗೆ ಹೇಗೆ ಕಾಣುತ್ತದೆ ಸಾಹೇಬರೇ ಎಂದು ತಿರುಗಿ ಕೇಳಿದೆ. ಆ ಹುಡುಗ ಸ್ವಲ್ಪ ಹೊತ್ತು ನೋಡಿದ, ಎದ್ದು ಹೋಗಿ ಕಿಟಕಿ ಹಾಕಿದ, ಕಣ್ಣಿಗೆ ಬಿಟ್ಟುಕೊಳ್ಳಲು ಔಷಧಿ ಬರೆದುಕೊಟ್ಟ.

ಆ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಎದ್ದು ಹಿಂದಿನ ಓಣಿಗೆ ಹೋಗುತ್ತಿದ್ದೆ. ಮನೆಗಳ ಪಕ್ಕದ ಗೋಡೆಗೆ ಅಂಗೈ ಇಟ್ಟು ಹಿಂದಕ್ಕೆ ಹಿಂದಕ್ಕೆ ನಡೆದರೆ ಬಿಸಿ ಗೋಡೆ ಮುಗಿದು ತಣ್ಣನೆಯ ಕಲ್ಲು ಶುರುವಾಗುತ್ತಿತ್ತು. ತಣ್ಣಗಾಗುವ ಆ ಜಾಗ ದಿನ ದಿನಕ್ಕೂ ರಸ್ತೆಯ ಕಡೆಗೆ ಬರುತ್ತಿತ್ತು. ಮನೆಗೆ ಬಂದು ಹಿಟ್ಟು ನಾದಲು ಕೂತರೂ ಅಂಗೈಯಲ್ಲಿ ಅದೇ ತಣ್ಣಗೆ.

ಆಮೇಲೆ ಒಬ್ಬೊಬ್ಬರೇ ಬರತೊಡಗಿದರು. ಮೊದಲು ಬಂದವಳು ಶಂಕ್ರವ್ವ, ಹಿಂದಿನ ಓಣಿಯಲ್ಲಿ ಹಾಲು ಮಾರುವವಳು. ಹಿತ್ತಿಲ ಬಾಗಿಲಿನಿಂದ ಬಂದು, ತನ್ನ ಬಾವಿ ಹೋಯಿತು, ಹಗ್ಗ ಬಿಟ್ಟರೆ ಕೊಡ ಕಲ್ಲಿನ ಮೇಲೆ ಕೂರುತ್ತದೆ ಎಂದು ಪಿಸುಗುಟ್ಟಿ, ನಾನು ಹೇಳಿದೆ ಅಂತ ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡು ಹೋದಳು. ಮರುದಿನ ಶಾಲೆಯ ಕಲ್ಲೂರ ಮಾಸ್ತರರು ಎಲ್ಲರೂ ಊಟ ಮಾಡಿ ಹೋಗುವವರೆಗೂ ಕಾದು ಕೂತು, ಶಾಲೆಯ ಹಿಂದಿನ ಕೋಣೆ ಈಗ ಕೋಣೆಯಲ್ಲ ಎಂದರು. ಅಲ್ಲಿನ ಮಕ್ಕಳನ್ನು ಮುಂದಿನ ತರಗತಿಯಲ್ಲಿ ಕೂರಿಸಿ ಹೊಸ ಬಗೆಯ ಬೋಧನೆ ಎಂದು ಮೇಲಿನವರಿಗೆ ವರದಿ ಮಾಡಿದ್ದರಂತೆ. ಅವರೂ ಆಣೆ ಹಾಕಿಸಿಕೊಂಡರು. ಹೀಗೇ ಎಷ್ಟೋ ಜನ. ಕೆಲವರು ಅತ್ತರು, ಕೆಲವರು ನಕ್ಕರು, ಎಲ್ಲರೂ ಹೋಗುವಾಗ ಹಗುರವಾಗಿ ಹೋದರು. ಭಾರ ಮಾತ್ರ ನನ್ನ ಹತ್ತಿರ ಬಿಟ್ಟು ಹೋದರು. ನನಗೆ ಮೈಯೆಲ್ಲ ಉರಿಯಿತು. ನಾನು ಊರಿಗೆ ಹೊಸದೇನನ್ನೋ ಹೇಳಿಬಿಟ್ಟೆ ಎಂದುಕೊಂಡಿದ್ದೆ. ಎಲ್ಲರಿಗೂ ಗೊತ್ತಿತ್ತು. ಪಕ್ಕದವನಿಗೂ ಗೊತ್ತಿದೆ ಎಂಬುದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ.

ಕಸ್ತೂರಿಯನ್ನು ಕರೆತರಲು ಹೋದೆ. ಅಳಿಯ ಮಹಾಂತೇಶ ಕಟ್ಟೆಯ ಮೇಲೆ ಕೂತಿದ್ದ, ನನ್ನ ಕಂಡು ಒಳ್ಳೆಯವನ ಹಾಗೆ ಎದ್ದು ಅಂಗಡಿಗೆ ಹೋದ. ಅಪ್ಪನ ಮುಂದೆ ಬಾಯಿ ತೆರೆಯದ ಹುಡುಗ ಅವನು. ಒಳಗೆ ಬೀಗತಿ ಪಾರವ್ವ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು, ಅವರಿಗೆ ಎದ್ದರೆ ಕೂರಲಾಗದು, ಕೂತರೆ ಏಳಲಾಗದು. ಕಸ್ತೂರಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಬಾ ಮಗಳೇ, ನಾಲ್ಕು ದಿನ ಇದ್ದು ಬರುವೆಯಂತೆ ಎಂದೆ. ನಾಲ್ಕು ದಿನದ ಮಾತಲ್ಲವೆಂದು ಅವಳಿಗೂ ತಿಳಿಯಿತು.

"ಮಾವ ಹೊರಗ ಬಂದ್ರ ಇವರು ಬರ್ತಾರ, ಇವರು ಬಂದ್ರ ನಾ ಬರ್ತೀನಿ," ಅಂದಳು. "ಕೂಸಿನ್ನ ಕರಕೊಂಡು ನಾ ಒಬ್ಬಾಕಿನ ಬಂದ್ರ ಗಂಡನ್ನ ಬಿಟ್ಟು ಬಂದಾಳ ಅಂತಾರವ್ವ. ಗುಡ್ಡ ಬಂದೈತಿ ಅಂತ ಯಾರೂ ಅನ್ನೂದಿಲ್ಲ."

ಕೂಸಿನ ತಲೆ ಮುಟ್ಟಿ ಬಂದೆ. ದಾರಿಯುದ್ದಕ್ಕೂ ಒಬ್ಬಳೇ ಗೊಣಗಿದೆ. ಚನವೀರಪ್ಪನವರು ಒಂದು ಮಾತು ಹೇಳಿ ಅದರ ಮೇಲೆ ಮನೆ ಕಟ್ಟಿಕೊಂಡು ಕೂತಿದ್ದರು. ಆ ಮನುಷ್ಯನನ್ನು ಅಲ್ಲಿಂದ ಎಬ್ಬಿಸದೆ ನನ್ನ ಮಗಳೂ ಮೊಮ್ಮಗಳೂ ಹೊರಗೆ ಬರುವಂತಿರಲಿಲ್ಲ.

ಅಷ್ಟರಲ್ಲಿ ಅವರೇ ನನ್ನ ಮನೆಗೆ ಬಂದರು. ಊರು ಬೆಳೆದ ಊಟ ಹತ್ತಿರ ಬಂದಿತ್ತು. ನನ್ನ ಬದಲು ಕರೆದ ಅಡುಗೆಯವನು ಒಂದು ಮನೆಯಲ್ಲಿ ಹೂರಣ ಹಳಸಿಸಿ ಜನರ ಬಾಯಿಗೆ ಸಿಕ್ಕಿದ್ದ. ಬೀಗರು ನೀರು ಕುಡಿದು, ಚಾಪೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದರು. ಕಣ್ಣ ಕೆಳಗೆ ಕಪ್ಪಾಗಿತ್ತು. ನಿದ್ದೆಯಿಲ್ಲದ ಮುಖ ನನಗೆ ಗೊತ್ತಾಗುತ್ತದೆ.

"ಈ ಸಲದ ಅಡಿಗಿ ನಿಮ್ಮದ ಬೀಗತ್ಯಾರ," ಅಂದರು. "ನೀವು ಬಂದು ಒಲಿ ಹಚ್ಚಿದ್ರ ಮಾತು ಅಲ್ಲಿಗೇ ಮುಗೀತೈತಿ. ನಿಮ್ಮ ಮಗಳಿಗೂ ಓಣ್ಯಾಗ ತಲಿ ಎತ್ತಿ ಅಡ್ಡಾಡಾಕ ಬರ್ತೈತಿ."

ನಾನು ಒಲೆ ಹಚ್ಚಿದರೆ ಒಪ್ಪಿಕೊಂಡೆ ಎಂದು ಊರು ತಿಳಿಯುತ್ತದೆ, ಅದಕ್ಕೇ ಕರೆಯಲು ಬಂದಿದ್ದರು. ಆಗಲಿ ಬೀಗರೇ, ಬರುತ್ತೇನೆ ಎಂದೆ. ಅಷ್ಟು ಸುಲಭಕ್ಕೆ ಒಪ್ಪಿದ್ದು ನೋಡಿ ಅವರಿಗೇ ಅನುಮಾನ ಬಂದಿರಬೇಕು. ಆದರೂ ಕೈ ಮುಗಿದು ಹೋದರು.

ಇಲ್ಲಿ ನಮ್ಮ ಪಂಕ್ತಿಯ ಕಟ್ಟಳೆ ಹೇಳಬೇಕು. ಪಂಕ್ತಿಯ ಹಿರಿಯರು ಏಳದೆ ಯಾರೂ ಏಳುವಂತಿಲ್ಲ, ಮತ್ತು ಮಜ್ಜಿಗೆ ಬೀಳದೆ ಹಿರಿಯರೂ ಏಳುವಂತಿಲ್ಲ. ಮಜ್ಜಿಗೆಗೆ ಮೊದಲೇ ಎದ್ದರೆ ಉಣಿಸಿದವರಿಗೆ ಕೇಡು ಬಯಸಿದಂತೆ. ಸತ್ತ ಸುದ್ದಿ ಬಂದರೂ ಮಜ್ಜಿಗೆ ಹಾಕಿಸಿಕೊಂಡು, ಒಂದು ಗುಟುಕು ಕುಡಿದು, ಆಮೇಲೆ ಅಳುತ್ತ ಎದ್ದವರನ್ನು ನಾನು ನೋಡಿದ್ದೇನೆ. ಇಷ್ಟು ವರ್ಷ ಬಡಿಸಿದರೂ ಆ ಕಟ್ಟಳೆಯ ಲಗಾಮು ನನ್ನ ಸೌಟಿನಲ್ಲಿದೆ ಎಂದು ನನಗೆ ಹೊಳೆದಿರಲಿಲ್ಲ.

ಊಟದ ದಿನ ಸಮುದಾಯ ಭವನದಲ್ಲಿ ಊರೆಲ್ಲ ಕೂತಿತ್ತು. ಒಂದು ಕಡೆ ಗಂಡಸರು, ಎದುರಿಗೆ ಹೆಂಗಸರು. ಎಲ್ಲರಿಗಿಂತ ಹಿರಿಯರೆಂದು ಚನವೀರಪ್ಪನವರು ಮೊದಲ ಎಲೆಗೆ, ಪಕ್ಕದಲ್ಲಿ ಪುರಸಭೆಯ ಅಧ್ಯಕ್ಷರು. ಬಡಿಸಲು ಬಂದ ಹೆಂಗಸರಲ್ಲಿ ಕಸ್ತೂರಿಯೂ ಇದ್ದಳು. ಅಧ್ಯಕ್ಷರು ಊರು ಇನ್ನೂ ಬೆಳೆಯಲಿದೆ ಎಂದು ಭಾಷಣ ಮಾಡಿದರು, ಚಪ್ಪಾಳೆ ಬಿತ್ತು. ಕೋಸಂಬರಿ, ಎಣ್ಣೆಗಾಯಿ, ಹೋಳಿಗೆ, ಕಟ್ಟಿನ ಸಾರು, ಅನ್ನ ಎಲ್ಲ ಆಯಿತು. ನನ್ನ ಹೋಳಿಗೆ ಅಂದಿನಂತೆ ಎಂದೂ ಬಂದಿರಲಿಲ್ಲ, ನಾನೇ ಹೇಳಿಕೊಳ್ಳಬೇಕು. ಅನ್ನ ಸಾರು ಮುಗಿಸಿ ಜನ ಕೈಯನ್ನು ಎಲೆಯ ಮೇಲಿಟ್ಟು ಅಡುಗೆಮನೆಯ ಕಡೆ ನೋಡಿದರು. ನಾನು ಮಜ್ಜಿಗೆಯ ಕೊಳಗವನ್ನು ಬಾಗಿಲಿಗೆ ಎಳೆದುಕೊಂಡು ಅದರ ಮುಂದೆ ಕೂತೆ.

"ಮಜ್ಜಿಗಿ ಐತಿ, ಹಾಕ್ತೀನಿ," ಅಂದೆ. "ನನ್ನ ಮುಂದ ಒಬ್ಬೊಬ್ಬರ ಬಂದು ಹೇಳಿದ್ದನ್ನ ಇಲ್ಲಿ ಎಲ್ಲಾರ ಮುಂದ ಹೇಳ್ರಿ. ಹೇಳಿದವರ ಎಲಿಗೆ ಮಜ್ಜಿಗಿ ಬೀಳತೈತಿ."

ಮೊದಲು ನಕ್ಕರು. ನಾನು ನಗಲಿಲ್ಲ. ಅಧ್ಯಕ್ಷರು ಏನಿದು ತಮಾಷೆ ಎಂದು ಗದರಿದರು, ಬಡಿಸುವ ಹೆಂಗಸರಿಗೆ ಮಜ್ಜಿಗೆ ತರಲು ಹೇಳಿದರು. ಹೆಂಗಸರು ನನ್ನನ್ನು ದಾಟಿ ಕೊಳಗಕ್ಕೆ ಕೈ ಹಾಕಬೇಕಿತ್ತು, ಯಾರೂ ಹಾಕಲಿಲ್ಲ. ಅಧ್ಯಕ್ಷರು ಸಿಟ್ಟಿನಲ್ಲಿ ಅರ್ಧ ಎದ್ದರು, ಪಕ್ಕದಲ್ಲಿ ಹಿರಿಯರು ಕೂತೇ ಇದ್ದುದನ್ನು ನೋಡಿ ಮತ್ತೆ ಕೂತರು. ಚನವೀರಪ್ಪನವರು ಎಲೆಯನ್ನೇ ನೋಡುತ್ತಿದ್ದರು. ಭವನದಲ್ಲಿ ನೊಣಗಳ ಸದ್ದು ಕೇಳತೊಡಗಿತು. ಯಾರದೋ ಮಗು ನೀರು ಕೇಳಿತು, ತಾಯಿ ಸುಮ್ಮನಿರಿಸಿದಳು. ಎಲ್ಲರ ಬೆರಳಿನ ಮೇಲೂ ಸಾರು ಒಣಗಿ ಬಿಗಿಯುತ್ತಿತ್ತು. ನಾನು ಮನಸ್ಸಿನಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಬೈಯುತ್ತಿದ್ದೆ. ನನ್ನ ಹಿತ್ತಿಲ ಬಾಗಿಲಿಗೆ ಬರಲು ಕಾಲಿತ್ತು, ಇಲ್ಲಿ ಬಾಯಿಲ್ಲವೇ?

"ನನ್ನ ಬಾವಿ ಹೋತು," ಅಂದಳು ಶಂಕ್ರವ್ವ. ಹೆಂಗಸರ ಸಾಲಿನ ಕೊನೆಯಿಂದ, ತಲೆ ಎತ್ತದೆ. "ಗುಡ್ಡ ನುಂಗ್ಯದ. ನಾ ಸುಳ್ಳು ಹೇಳಿದ್ರ ಹಾಲು ಮಾರಾಕ ಹೋಗೂದಿಲ್ಲ."

ನಾನು ಎದ್ದು ಹೋಗಿ ಅವಳ ಎಲೆಗೆ ಸೌಟು ತುಂಬ ಮಜ್ಜಿಗೆ ಸುರಿದೆ. ಅವಸರಕ್ಕೆ ಅರ್ಧ ನೆಲಕ್ಕೆ ಬಿತ್ತು. ಅವಳು ಕುಡಿಯಲಿಲ್ಲ, ಅಳುತ್ತಿದ್ದಳು. ಆಮೇಲೆ ಕಲ್ಲೂರ ಮಾಸ್ತರರು ಗಂಟಲು ಸರಿಮಾಡಿಕೊಂಡು ಶಾಲೆಯ ಕೋಣೆಯ ವಿಷಯ ಹೇಳಿದರು. ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿದ್ದ ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀವು ನಮಗ್ಯಾಕೆ ಹೇಳಲಿಲ್ಲ ಎಂದು ಒಬ್ಬಳು ಕೇಳಿದಳು. ನಿನಗೆ ಗೊತ್ತಿರಲಿಲ್ಲವೇ ಎಂದು ಮಾಸ್ತರರು ಕೇಳಿದರು. ಅವಳು ಗೊತ್ತಿತ್ತು ಎಂದಳು. ಅಲ್ಲಿಂದ ಮಾತು ತಡೆಯಿಲ್ಲದೆ ಹರಿಯಿತು. ಬಚ್ಚಲು ಹೋದದ್ದು, ಕೊಟ್ಟಿಗೆ ಹೋದದ್ದು, ದೇವರ ಜಗುಲಿಯನ್ನು ಎತ್ತಿ ಎತ್ತಿ ಈಗ ಹೊಸ್ತಿಲ ಬಳಿ ಇಟ್ಟದ್ದು. ನಾನು ಓಡಾಡಿ ಮಜ್ಜಿಗೆ ಹಾಕುತ್ತಿದ್ದೆ. ಗೆದ್ದೆ ಎಂದೇ ಅನ್ನಿಸಿತು ನನಗೆ, ಸುಳ್ಳು ಯಾಕೆ ಹೇಳಲಿ. ಅಧ್ಯಕ್ಷರ ಮುಖ ಬಿಳಿಚಿಕೊಂಡಿತ್ತು. ಅವರ ಕಡೆ ಈಗ ಯಾರೂ ನೋಡುತ್ತಿರಲಿಲ್ಲ.

ದರ್ಜಿ ದಾವಲಸಾಬ ಕೊನೆಗೆ ಮಾತಾಡಿದ. ಅವನದು ಹಿಂದಿನ ಓಣಿಯಲ್ಲಿ ಬೀಗರ ಮನೆಯ ಪಕ್ಕದ್ದೇ ಮನೆ. ನನ್ನ ಹತ್ತಿರ ಅವನು ಬಂದಿರಲಿಲ್ಲ, ಯಾರ ಹತ್ತಿರವೂ ಹೋಗಿರಲಿಲ್ಲ.

"ಮೊದಲ ನಿಧಾನ ಬರತಿತ್ತು," ಅಂದ. "ಈಗ ಹಂಗಿಲ್ರೀ. ನಿನ್ನಿ ನಾವು ಊಟಕ್ಕ ಕುಂತಾಗ ಒಳಗಿನ ಗ್ವಾಡಿ ಇತ್ತು. ಊಟ ಮಾಡಿ ಎದ್ದಾಗ ಇರಲಿಲ್ಲ."

ನಾನು ಚನವೀರಪ್ಪನವರ ಎಲೆಯ ಮುಂದೆ ಬಂದು ಸೌಟು ಹಿಡಿದು ನಿಂತೆ. ಇನ್ನು ಉಳಿದವರು ಅವರೊಬ್ಬರೇ. ಇವರ ಬಾಯಿಂದ ಆ ಮಾತು ಬಂದರೆ ಸಾಕು, ಇವತ್ತೇ ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ನನ್ನ ಲೆಕ್ಕ.

"ಬೀಗರ, ನೀವು ಹೇಳ್ರಿ," ಅಂದೆ.

ಅವರು ನನ್ನ ಕಡೆ ನೋಡಲಿಲ್ಲ. ದಾವಲಸಾಬನನ್ನು ನೋಡುತ್ತಿದ್ದರು. ಆಮೇಲೆ ಕಣ್ಣು ಹೆಂಗಸರ ಮಧ್ಯೆ ಹುಡುಕಿ ಕಸ್ತೂರಿಯ ಮೇಲೆ ನಿಂತಿತು.

"ಕಸ್ತೂರಿ, ಕೂಸು ಎಲ್ಲೈತಿ?"

"ಮನ್ಯಾಗ ಮಾವ. ಮಲಗಿಸಿ ಬಂದೀನಿ. ಅತ್ತಿ ಅದಾರಲ್ಲ."

"ನಾವು ಇಲ್ಲಿ ಊಟಕ್ಕ ಕುಂತು ಎಷ್ಟೊತ್ತಾತು?"

ಆಗ ನನಗೆ ತಿಳಿಯಿತು. ಒಂದು ಊಟದ ಹೊತ್ತಿನಲ್ಲಿ ದಾವಲಸಾಬನ ಗೋಡೆ ಹೋಗಿತ್ತು, ನಾನು ಒಂದು ಊಟವನ್ನು ಎರಡು ಊಟದಷ್ಟು ಹೊತ್ತು ಎಳೆದಿದ್ದೆ. ಎಲ್ಲರನ್ನೂ ಅಲ್ಲೇ ಕಟ್ಟಿಹಾಕಿದ್ದೆ, ಬಡಿಸಲು ನಿಂತಿದ್ದ ನನ್ನ ಮಗಳನ್ನೂ ಸೇರಿಸಿ. ಅಲ್ಲಿ ಮನೆಯಲ್ಲಿ ಕೂಸೂ, ತಟ್ಟನೆ ಏಳಲಾಗದ ಪಾರವ್ವನೂ ಇಬ್ಬರೇ. ಸೌಟು ನನ್ನ ಕೈಯಿಂದ ಯಾವಾಗ ಬಿತ್ತೋ ಗೊತ್ತಿಲ್ಲ. ಹೋಗ್ರಿ ಎನ್ನಲು ಬಾಯಿ ತೆರೆದೆ.

ಚನವೀರಪ್ಪನವರು ಎದ್ದರು. ಮಜ್ಜಿಗೆ ಇಲ್ಲದ ಎಲೆಯನ್ನು ದಾಟಿ, ಅಧ್ಯಕ್ಷರ ಎಲೆಯನ್ನು ತುಳಿದುಕೊಂಡು, ಎಂಜಲ ಕೈಯಲ್ಲೇ ಬಾಗಿಲು ದಾಟಿದರು. ಮೊದಲು ದಡದಡ ನಡೆದರು. ಮೆಟ್ಟಿಲಿಳಿದ ಮೇಲೆ ಧೋತರದ ಚುಂಗು ಎಡಗೈಯಲ್ಲಿ ಹಿಡಿದು ಓಡತೊಡಗಿದರು. ಆ ವಯಸ್ಸಿನ ಮನುಷ್ಯ, ಪೇಟೆಯ ನಡುರಸ್ತೆಯಲ್ಲಿ, ಚಪ್ಪಲಿಯಿಲ್ಲದೆ. ಅವರ ಹಿಂದೆ ಕಸ್ತೂರಿ, ಮಹಾಂತೇಶ, ನಾನು, ನಮ್ಮ ಹಿಂದೆ ಪಂಕ್ತಿಗೆ ಪಂಕ್ತಿಯೇ ಎದ್ದು ಬಂತು. ಅಂಗಡಿಯ ಕಟ್ಟೆಯ ಮೇಲಿದ್ದವರು ಏನಾಯಿತು ಎಂದು ಕೂಗಿ ಕೇಳಿದರು. ಓಡುವವರು ಹೇಳಲು ನಿಲ್ಲಲಿಲ್ಲ. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊರುತ್ತ ಓಡಿದೆ, ಎದೆ ಸೀಳಿಹೋಗುವ ಹಾಗೆ.

ನಾವು ಹಿಂದಿನ ಓಣಿಯ ಕೊನೆ ಮುಟ್ಟುವ ಹೊತ್ತಿಗೆ ಬೀಗರು ರಸ್ತೆಯ ಮಧ್ಯೆ ನಿಂತಿದ್ದರು. ಎಡಗೈಯಲ್ಲಿ ಕೂಸನ್ನು ಎದೆಗೆ ಅವಚಿಕೊಂಡಿದ್ದರು, ಎಂಜಲ ಬಲಗೈಯನ್ನು ಮಗುವಿಗೆ ತಾಗದಂತೆ ದೂರ ಹಿಡಿದಿದ್ದರು. ಪಾರವ್ವ ಕಂಬ ಹಿಡಿದು ಕಟ್ಟೆಯ ಮೇಲೆ ನಿಂತು, ಏನಾತು, ಯಾರಿಗೇನಾತು ಎಂದು ಕೇಳುತ್ತಲೇ ಇದ್ದರು. ಕೂಸು ನಿದ್ದೆ ಕೆಟ್ಟು ಚೀರುತ್ತಿತ್ತು. ಮಹಾಂತೇಶ ಒಳಗೆ ಓಡಿ ಹೋಗಿ ನೋಡಿ ಹೊರಗೆ ಬಂದ. ಏನೂ ಆಗಿಲ್ಲ ಎಂದ. ಕಪಾಟು ಇದ್ದಲ್ಲೇ ಇದೆ, ಒಲೆ ಇದ್ದಲ್ಲೇ ಇದೆ, ಎಲ್ಲ ಬೆಳಿಗ್ಗೆ ಇದ್ದ ಹಾಗೇ ಇದೆ.

ಜನ ಏದುಸಿರು ಬಿಡುತ್ತ ನಿಂತರು. ಎಲ್ಲರ ಬಲಗೈಯೂ ಎಂಜಲು. ಕೊನೆಗೆ ಬಂದು ಮುಟ್ಟಿದ ಅಧ್ಯಕ್ಷರು ಧೋತರ ಸರಿಮಾಡಿಕೊಂಡು ನಗಲು ನೋಡಿದರು. ನೋಡಿರಿ ಹಿರಿಯರೇ, ಏನೂ ಇಲ್ಲ, ಹೆಂಗಸಿನ ಮಾತು ಕೇಳಿ ಸುಮ್ಮನೆ ಹೆದರಿದೆವು, ಕೂಸನ್ನು ಒಳಗೆ ಮಲಗಿಸಿ ಬನ್ನಿ, ಎಲ್ಲರೂ ಹೋಗಿ ಊಟ ಮುಗಿಸೋಣ ಎಂದರು.

ಬೀಗರು ಹಾಗೆ ಮಾಡಬಹುದಿತ್ತು. ಕೂಸನ್ನು ಎತ್ತಿಕೊಂಡು ಒಳಗೆ ಹೋಗಿದ್ದರೆ ಭವನದಲ್ಲಿ ಊರು ಆಡಿದ ಮಾತೆಲ್ಲ ಆ ಕ್ಷಣವೇ ಸುಳ್ಳಾಗುತ್ತಿತ್ತು, ನನ್ನ ಮಗಳು ತಲೆ ತಗ್ಗಿಸಿ ಅವರ ಹಿಂದೆ ಒಳಗೆ ಹೋಗುತ್ತಿದ್ದಳು. ಚನವೀರಪ್ಪನವರು ತಮ್ಮ ಮನೆಯ ಬಾಗಿಲನ್ನು ನೋಡಿದರು. ಆಮೇಲೆ ಓಣಿಯವರನ್ನು ನೋಡಿದರು, ತಮ್ಮ ಮಾತು ನಂಬಿ ಗಂಟು ಬಿಚ್ಚಿದವರನ್ನು, ಒಬ್ಬೊಬ್ಬರನ್ನಾಗಿ.

"ನಾ ಯಾಕ ಓಡಿ ಬಂದೆ ಅಂತ ನಿಮಗೆಲ್ಲಾ ಗೊತ್ತೈತಿ," ಅಂದರು. "ಇನ್ನ ಏನಂತ ಹೇಳಿ ನಿಮ್ಮನ್ನ ಇಲ್ಲಿ ಇರಸ್ಲಿ? ನನಗ ಮುಖ ಇಲ್ಲ."

ಮಹಾಂತೇಶ ಕಟ್ಟೆ ಹತ್ತಿ ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ರಸ್ತೆಗೆ ಇಳಿದ. ಅಪ್ಪನ ಅಪ್ಪಣೆಗೆ ಅವನು ಕಾಯದೆ ಇದ್ದುದನ್ನು ನಾನು ನೋಡಿದ್ದು ಅದೇ ಮೊದಲು. ದಾವಲಸಾಬ ತನ್ನ ಮನೆಯೊಳಗೆ ಹೋಗಿ ಹೊಲಿಗೆಯ ಯಂತ್ರವನ್ನು ಹೊತ್ತುಕೊಂಡು ಬಂದ. ಕಸ್ತೂರಿ ಮಾವನ ಹತ್ತಿರ ಹೋಗಿ ಕೂಸಿಗೆ ಕೈ ಚಾಚಿದಳು. ಅವರು ಕೊಡಲಿಲ್ಲ, ತಡೆಯವ್ವ, ಸುಮ್ಮನಾಗಲಿ ಎಂದರು. ಕೂಸು ಸುಮ್ಮನಾಗುವವರೆಗೂ, ಮನೆಗೆ ಬೆನ್ನು ಮಾಡಿ, ರಸ್ತೆಯಲ್ಲೇ ತಟ್ಟುತ್ತ ನಿಂತಿದ್ದರು.